ಅಜ್ಜಿಯ ತವರಿನ ಮೀನು

ನಮ್ಮ ಸಂಜನಾ, ಮಗನ ಮಗಳು, ಮೊನ್ನೆ ಕುಮಟೆಯ ಪೇಟೆಯಿಂದ ಒಂದು ಗಾಜಿನ ಪೆಟ್ಟಿಗೆ ತಂದು ಒಳಜಗಲಿಯ ಮೇಜಿನ ಮೇಲೆ ಇಟ್ಟಳು. ಅದರೊಳಗೆ ಒಂದೇ ಒಂದು ಮೀನು. ಬೇರೆ ಮೀನನ್ನು ಹಿಡಿದು ನುಂಗುವ ಜಾತಿಯದಂತೆ, ಅದಕ್ಕೇ ಜೊತೆಗೆ ಯಾರೂ ಇಲ್ಲ. ತಂದ ಗಳಿಗೆಯಿಂದ ಅದು ಮೂಲೆ ಬಿಟ್ಟು ಅಲ್ಲಾಡಲಿಲ್ಲ, ಹಾಕಿದ್ದನ್ನು ಮೂಸಲಿಲ್ಲ. ಹುಡುಗಿ ಗಾಜಿಗೆ ಮೂಗು ಒತ್ತಿಕೊಂಡು ಎರಡು ದಿನ ಅಲ್ಲೇ ಕೂತಳು. ಕೊನೆಗೆ ಅಳುಮುಖ ಮಾಡಿಕೊಂಡು ನನ್ನ ಹತ್ತಿರ ಬಂದಳು.

"ಅಜ್ಜೀ, ಇದು ಸಾಯ್ತದಾ?"

ನನಗೆ ಎಂಥ ಹಿಗ್ಗು ಬಂತು ಎಂದರೆ ಬರೆದು ತಿಳಿಸಲಾರೆ. ಮೀನು ಸಾಯುತ್ತದೆಂದಲ್ಲ! ಈ ಮನೆಯಲ್ಲಿ ಫೋನು, ಬ್ಯಾಂಕು, ಶಾಲೆಯ ಲೆಕ್ಕ, ಯಾವುದಕ್ಕೂ ನನ್ನನ್ನು ಕೇಳುವ ಪ್ರಮೇಯ ಬರುವುದಿಲ್ಲ, ಕೇಳಿದರೂ ನನಗೆ ಗೊತ್ತಿರುವುದಿಲ್ಲ. ಇದೊಂದು ಮಾತ್ರ ನನಗೆ ಗೊತ್ತಿತ್ತು. ಮೊದಲು ನೀನು ಅಲ್ಲಿಂದ ಏಳು ಎಂದೆ. ಹಳೇ ಸೀರೆಯ ತುಂಡು ತಂದು ಪೆಟ್ಟಿಗೆಯ ಮೂರು ಬದಿ ಮುಚ್ಚಿದೆ. ಒಡೆದ ಕುಂಡದ ಅರ್ಧವನ್ನು ತೊಳೆದು ಒಳಗೆ ಇಳಿಸಿದೆ. ಮೊಣಕಾಲು ಹಿಡಿದುಕೊಂಡೇ ಇಷ್ಟೂ ಮಾಡಿದೆ, ಮಾಡಿ ಮುಗಿಸಿ ಉಸಿರು ಬಿಡುತ್ತ ಕೂತೆ. ಯಾರು ಕಲಿಸಿದರು ಎಂದು ಅವಳು ಕೇಳಿದಳು. ಆ ಉತ್ತರ ಬಾಯಿಯಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಕೈ ನನ್ನದು, ಅರ್ಧ ಪುಟಕ್ಕೆ ಬೆರಳು ಸೋಲುತ್ತದೆ. ಆದರೂ ಬರೆಯುತ್ತೇನೆ, ಮನಸ್ಸು ತುಂಬಿ ಬಂದಾಗ ಬೆರಳಿನ ಮಾತು ಯಾರು ಕೇಳುತ್ತಾರೆ?

ನಾನು ಹುಟ್ಟಿ ಬೆಳೆದದ್ದು ಭಟ್ಕಳದ ಆಚೆ, ಬೆಳಕೆಯಲ್ಲಿ. ಸಮುದ್ರ ಕಿವಿಗೆ ಕೇಳುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟು ದೂರ. ಮನೆಯೆಂದರೆ ಹುಲ್ಲು ಹೊದಿಸಿದ ಮೂರು ಒಳ, ಮೂರೇ ಕೋಣೆ. ಮುಂದಿನ ಜಗಲಿ ಅಪ್ಪನದು. ಕೂಲಿ ಮುಗಿಸಿ ಬಂದು ದಿನಾ ಒಂದೇ ಕಡೆ ಒರಗಿ ಒರಗಿ ಆ ಗೋಡೆಯಲ್ಲಿ ಅವನ ಬೆನ್ನಿನ ಆಕಾರವೇ ಎಣ್ಣೆಗಪ್ಪಾಗಿ ಮೂಡಿತ್ತು. ನಡುಮನೆ ಅಜ್ಜಿಯದು, ಅಂದರೆ ಅಪ್ಪನ ಅಬ್ಬೆಯದು. ಅಲ್ಲಿ ಅವಳ ಚಾಪೆ, ಅವಳ ಎಲೆಯಡಿಕೆ ಚೀಲ, ದೇವರ ಮೂಲೆ, ಮತ್ತೆ ಅವಳ ತವರು. ತವರು ಇದ್ದದ್ದು ಕುಮಟೆಯ ಆಚೆ ಹಿರೇಗುತ್ತಿಯಲ್ಲಿ, ಆದರೆ ನಮ್ಮ ನಡುಮನೆಯಲ್ಲಿ ಅದು ದಿನಾ ಎದ್ದು ಓಡಾಡುತ್ತಿತ್ತು. ಗಂಜಿಗೆ ಉಪ್ಪು ಹೆಚ್ಚಾದರೆ ಹಿರೇಗುತ್ತಿಯ ಗಂಜಿ, ಚಾಪೆ ಹರಿದರೆ ಹಿರೇಗುತ್ತಿಯ ಚಾಪೆ. ನಲವತ್ತು ವರ್ಷದಲ್ಲಿ ಅವಳು ಅಲ್ಲಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಹಿಂದಿನ ಅಡುಗೆ ಒಳ ಅಬ್ಬೆಯದು, ಅಂದರೆ ನನ್ನ ತಾಯಿಯದು, ಆದರೆ ಅಬ್ಬೆ ಅಲ್ಲಿ ನಿಂತದ್ದು ನನಗೆ ನೆನಪಿಲ್ಲ. ಅವಳು ಯಾವಾಗಲೂ ನೀರಿನ ಹತ್ತಿರ. ಅಪ್ಪ ಉಂಡು, ಅಜ್ಜಿ ಮತ್ತು ನಾನು ಉಂಡು ಎದ್ದ ಮೇಲೆ ಒಲೆಯ ಪಕ್ಕ ಬೆನ್ನು ಹಾಕಿ ಕೂತು ಅವಳು ಉಣ್ಣುತ್ತಿದ್ದಳು, ಅದೂ ತುತ್ತಿನ ನಡುವೆ ತೂಕಡಿಸುತ್ತ.

ಭತ್ತ ಕೊಯ್ದಾದ ಮೇಲೆ ಹಿತ್ತಿಲಿನ ಎರಡು ಗದ್ದೆಯಲ್ಲಿ ಈರುಳ್ಳಿ, ಮೆಣಸು, ಹರಿವೆ ಹಾಕುತ್ತಿದ್ದೆವು. ಬೇಸಗೆಯ ನಮ್ಮ ಗಂಜಿ ಅದರಿಂದಲೇ. ಬೆಳಿಗ್ಗೆ ನಲವತ್ತು ಕೊಡ, ಸಂಜೆ ನಲವತ್ತು ಕೊಡ ನೀರು. ಮೊದಮೊದಲು ಅದನ್ನೆಲ್ಲ ಆರು ಗದ್ದೆ ಅಂಚು ದಾಟಿ ಕೆರೆಯಿಂದ ತರಬೇಕಿತ್ತು. ನಾನು ಹುಟ್ಟಿದ ಮೇಲೆ ಅಬ್ಬೆ ಎರಡು ಸಲ ಬಸುರಾದಳು, ಎರಡೂ ಕೈಗೆ ಬರಲಿಲ್ಲ. ಎರಡೂ ಹೋದದ್ದು ನೀರು ಹೊರುವ ತಿಂಗಳಲ್ಲೇ, ಎರಡನೆಯದು ಕೆರೆಯ ದಂಡೆಯ ಮೇಲೆಯೇ. ಅದಾದ ವರ್ಷ ಅಪ್ಪ ಯಾರಿಗೂ ಏನೂ ಹೇಳದೆ ಹಿತ್ತಿಲಲ್ಲಿ ಚಿರೆಕಲ್ಲು ಕಟ್ಟಿ ಒಂದು ನೀರಿನ ಟಾಕಿ ಮಾಡಿದ. ಗುಡ್ಡದಲ್ಲಿ ಒಂದು ಒರತೆ ಇತ್ತು, ನೂಲಿನಷ್ಟು ನೀರು. ಅದನ್ನು ಸೀಳಿದ ಮರದ ದೋಣಿಯಲ್ಲಿ ಇಳಿಸಿ ಟಾಕಿಗೆ ಬಿಟ್ಟ. ತುಂಬಲು ನಾಲ್ಕು ದಿನ ಹಿಡಿಯುತ್ತಿತ್ತು, ಆದರೆ ತುಂಬಿದ ಮೇಲೆ ತೆಗೆದಷ್ಟು ಬರುತ್ತಿತ್ತು. ಟಾಕಿಯಿಂದ ಈರುಳ್ಳಿ ಸಾಲಿಗೆ ಇಪ್ಪತ್ತು ಹೆಜ್ಜೆ. ಎಂಬತ್ತು ಕೊಡ ಎಂಬತ್ತು ಕೊಡವೇ, ಸಂಜೆಗೆ ನನ್ನ ತೋಳು ನನ್ನದಲ್ಲದ ಹಾಗೆ ಆಗುತ್ತಿತ್ತು. ಆದರೂ ಇಪ್ಪತ್ತು ಹೆಜ್ಜೆ ಎಲ್ಲಿ, ಆರು ಗದ್ದೆ ಎಲ್ಲಿ! ನನಗೆ ಹತ್ತು ವರ್ಷವಾದಾಗ ಅಬ್ಬೆ ಮತ್ತೆ ಬಸುರಾದಳು. ಐದು ತಿಂಗಳು. ಹೆರಿಗೆ ಮಾಡಿಸುವ ಮುದುಕಿ ಬಂದು ಹೊಟ್ಟೆ ಮುಟ್ಟಿ ನೋಡಿ, ದೂರದ ನೀರು ಈ ಸಲ ಹೊತ್ತರೆ ನನ್ನನ್ನು ಕರೆಯಲೇಬೇಡಿ ಎಂದು ಹೇಳಿ ಹೋಗಿದ್ದಳು.

ಆಗ ಬಂದರು ಮಲೇರಿಯಾದವರು. ಆ ಕಾಲದಲ್ಲಿ ಅವರು ಪಂಪು ಹೊತ್ತು ಮನೆಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಪಕ್ಕ ನಂಬರು ಬರೆದು ಹೋಗುತ್ತಿದ್ದರು. ಗೋಡೆಯ ಜೇಡ, ಜಿರಲೆ ಎಲ್ಲ ಉದುರಿ ಬೀಳುತ್ತಿದ್ದವು, ಅದನ್ನು ಗುಡಿಸುವ ಕೆಲಸ ಬೇರೆ. ಆ ಸಲ ಅವರ ಜೊತೆ ಒಬ್ಬರು ಸಾಹೇಬರು ಬಂದರು, ಧಾರವಾಡದ ಕಡೆಯವರು, ಕೈಯಲ್ಲಿ ಬಿಳಿಯ ಒಂದು ಸೌಟು. ಸೀದಾ ಹಿತ್ತಿಲಿಗೆ ಹೋಗಿ ಟಾಕಿಯಲ್ಲಿ ಸೌಟು ಮುಳುಗಿಸಿ ಎತ್ತಿ ನಮ್ಮೆದುರು ಹಿಡಿದರು. ಬಿಳಿಯ ಮೇಲೆ ಕಪ್ಪು ಕಪ್ಪು ಹುಳಗಳು, ಕೊಂಕಿ ಕೊಂಕಿ ಕುಣಿಯುತ್ತಿದ್ದವು.

"ಇವು ನಾಳೆ ಸೊಳ್ಳಿ ಆಗ್ತಾವ್ರೀ. ನಿಮ್ಮ ಮನ್ಯಾಗ ಚಳಿಜ್ವರ ಬಂದಿತ್ತಿಲ್ಲೋ?"

"ಬಂದಿತ್ತು ಸಾಯ್ಬ್ರೆ, ಇವ್ಳಿಗೇ ಬಂದಿತ್ತು" ಎಂದು ಅಜ್ಜಿ ಅಬ್ಬೆಯ ಕಡೆ ಬೆರಳು ತೋರಿಸಿದಳು.

"ಮತ್ತ? ಹಡಿಯೋ ಹೆಣ್ಮಗಳಿದ್ದಾಳ ಮನ್ಯಾಗ, ಹಿತ್ತಲದಾಗ ಸೊಳ್ಳಿ ಸಾಕೀರಿ. ಮ್ಯಾಲೆ ಚಿಮಣಿ ಎಣ್ಣಿ ಹಾಕ್ರಿ, ಇಲ್ಲಾಂದ್ರ ಮಣ್ಣು ತುಂಬ್ರಿ. ಹದಿನೈದು ದಿನಕ್ಕ ಬರ್ತೇನಿ. ಒಂದ ಹುಳಾ ಕಂಡ್ರೂ ನಾನ ನಿಂತು ಮಣ್ಣು ತುಂಬಸ್ತೇನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಚಿಮಣಿ ಎಣ್ಣೆ ಹಾಕಿದ ನೀರನ್ನು ಹರಿವೆಗೆ ಹೊಯ್ಯುವುದು ಹೇಗೆ, ದನಕ್ಕೆ ಕುಡಿಸುವುದು ಹೇಗೆ? ಮಣ್ಣು ತುಂಬಿದರೆ ಮತ್ತೆ ಕೆರೆ. ಸಾಹೇಬರು ಹೋದ ಮೇಲೆ ಅಬ್ಬೆ ಟಾಕಿಯ ಅಂಚಿನ ಮೇಲೆ ಕೂತಳು. ಹಗಲಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆರೆಯ ಕಡೆಯ ಗದ್ದೆ ಅಂಚನ್ನು ನೋಡುತ್ತ ಕೂತಳು.

ಸಂಜೆ ಅಪ್ಪ ಬಂದು ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡ. ಟಾಕಿ ಖಾಲಿ ಮಾಡಿ ತಿಕ್ಕಿದರೆ ಹುಳ ಹೋಗುತ್ತದೆ ಎಂದ. ತಿಕ್ಕಿದರೆ ಮತ್ತೆ ತುಂಬಲು ನಾಲ್ಕು ದಿನ, ವಾರಕ್ಕೆ ಹುಳ ಮತ್ತೆ ಹಾಜರು, ವಾರ ವಾರ ತಿಕ್ಕಿದರೆ ಈರುಳ್ಳಿ ಒಣಗುತ್ತದೆ ಎಂದು ಅಬ್ಬೆ ಒಳಗಿನಿಂದಲೇ ಹೇಳಿದಳು. ಆಗ ಅಜ್ಜಿ ಎಲೆಯಡಿಕೆ ಉಗಿದು ಬಂದು ನಡುಬಾಗಿಲಲ್ಲಿ ನಿಂತಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಹಿರೇಗುತ್ತಿ ಬಂತು ಎಂದು.

"ನಮ್ಮ ಹಿರೇಗುತ್ತಿ ಬಾವೀಲಿ ಒಂದಾದ್ರೂ ಸೊಳ್ಳೆ ಇತ್ತನಾ? ಎಂತಕೆ ಇಲ್ಲ ಹೇಳು!"

"ಎಂತಕೆ?" ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ.

"ಮೀನು, ಮಾರಾಯಾ! ಹಾವಿನ ತಲೆ ಮೀನು. ನನ್ನ ಅಪ್ಪ ಬಿಟ್ಟದ್ದು. ತೋಳಿನಷ್ಟು ಉದ್ದ. ಬಾವಿಗೆ ಕಪ್ಪೆ ಬಿದ್ರೆ ಕಪ್ಪೆ ಇಲ್ಲ, ಓತಿ ಬಿದ್ರೆ ಓತಿ ಇಲ್ಲ. ಮತ್ತೆ ಸೊಳ್ಳೆಮರಿ ಎಂತ ಲೆಕ್ಕ ಅದಕ್ಕೆ?"

"ಮೀನು ಇಲ್ಲೇ ಸಿಗ್ತದಲ ಅಬ್ಬೆ, ಬೆಳಕೆ ಹಳ್ಳದಲ್ಲಿ."

"ಬೆಳಕೆ ಮೀನು!" ಎಂದಳು ಅಜ್ಜಿ. ಅಷ್ಟೇ ಹೇಳಿದ್ದು. ಮಾರನೇ ದಿನ ಅಪ್ಪ ಕೆಲಸ ಬಿಟ್ಟು ತಾಮ್ರದ ಕೊಡ ಹಿಡಿದು ಹಿರೇಗುತ್ತಿಗೆ ಹೊರಟ.

ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸು ಇಳಿದು, ದೋಣಿಯಲ್ಲಿ ಹೊಳೆ ದಾಟಿ, ಇತ್ತ ಕಾಸರಕೋಡದಲ್ಲಿ ಬೇರೆ ಬಸ್ಸು ಹತ್ತಬೇಕು. ಮೂರನೇ ದಿನ ಮಧ್ಯಾಹ್ನ ಅಪ್ಪ ಕೊಡವನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಅಂಗಳಕ್ಕೆ ಬಂದ. ದಾರಿಯ ಕತೆ ಹೇಳುವಾಗ ಅಷ್ಟು ಸುಸ್ತಿನಲ್ಲೂ ಅವನಿಗೆ ನಗು. ದೋಣಿಯಲ್ಲಿ ಕಾಸರಕೋಡದ ಮೀನು ಮಾರುವ ಹೆಂಗಸರು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರಂತೆ. ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಕಂಡು ಒಬ್ಬಳು ಎತ್ತಿ ನೋಡಿದಳಂತೆ.

"ಅಯ್ಯೋ ಅಣ್ಣಾ, ಇಡೀ ಊರು ಮೀನು ಮಾರೂಕೆ ಹೊಳೆ ದಾಟ್ತದೆ, ನೀ ಮೀನಿಗೆ ಊರು ತೋರ್ಸೂಕೆ ಹೊಂಟ್ಯಾ?"

"ನನ್ನ ಅಬ್ಬೆ ತವರಿಂದು" ಎಂದನಂತೆ ಅಪ್ಪ.

"ಹಾಂಗಾರೆ ಮಾವ ಆಗ್ಬೇಕು ನಿಂಗೆ. ತಲೆ ಮೇಲೆ ಸೆರಗು ಹಾಕಿ ಕೂರ್ಸು, ಬಿಸ್ಲು ತಾಗ್ತದೆ!"

ದೋಣಿಗೆ ದೋಣಿಯೇ ನಕ್ಕಿತಂತೆ. ಅಜ್ಜಿ ನಗಲಿಲ್ಲ. ಅವಳು ಅಷ್ಟರಲ್ಲಿ ನನ್ನನ್ನೂ ಅಬ್ಬೆಯನ್ನೂ ಹಿಡಿದು, ತವರಿನ ನೆಂಟ ಬರುವ ಮನೆಯೆಂದು, ಟಾಕಿಯ ನೀರೆಲ್ಲ ಸಾಲಿಗೆ ಹೊಯ್ಯಿಸಿ, ತೆಂಗಿನ ಜುಂಗು ಮತ್ತು ಬೂದಿ ಹಾಕಿ ಒಳಗೆ ತಿಕ್ಕಿಸಿದ್ದಳು. ವರ್ಷದ ಪಾಚಿ ಹೋಗಿ ಚಿರೆಕಲ್ಲು ಹೊಸ ಮಡಕೆಯ ಹಾಗೆ ಕೆಂಪಗೆ ಕಾಣುತ್ತಿತ್ತು. ಅಂಚಿಗೆ ಸೇಡಿಮಣ್ಣಿನ ಬಿಳಿ ಗೆರೆ ಬೇರೆ ಎಳೆದಿದ್ದಳು. ಟಾಕಿ ಇನ್ನೂ ಅರ್ಧ ತುಂಬಿತ್ತು. ಅಪ್ಪ ಕೊಡ ಬಗ್ಗಿಸಿದ. ಕಪ್ಪಗೆ, ಮಿಣ್ಣಗೆ, ಒಂದು ಮೊಳ ಉದ್ದದ ಜೀವ ಒಳಗೆ ಜಾರಿತು. ತಲೆ ಹಾವಿನದೇ, ಚಪ್ಪಟೆ. ಕೆಂಪು ಕಲ್ಲಿನ ಮೇಲೆ ಆ ಕಪ್ಪು ಎಲ್ಲಿ ಹೋದರೂ ಕಾಣುತ್ತಿತ್ತು. ನಾಲ್ಕು ಮೂಲೆಗೂ ಹೊಡೆದು, ಗೋಡೆಗೆ ಮೂತಿ ಗುದ್ದಿ, ಕೊನೆಗೆ ಒಂದು ಮೂಲೆಯಲ್ಲಿ ಮರದ ಕೊರಡಿನ ಹಾಗೆ ನಿಂತುಬಿಟ್ಟಿತು. ನೆರೆಮನೆಯವರೆಲ್ಲ ಬಂದು ಬಗ್ಗಿ ನೋಡಿದರು. ಅಜ್ಜಿ ಒಬ್ಬೊಬ್ಬರಿಗೂ ತನ್ನ ಅಪ್ಪನ ಬಾವಿಯ ಕತೆ ಹೇಳಿದಳು.

ಸಂಜೆ ನೀರು ತೆಗೆಯಲು ಹೋದರೆ ಟಾಕಿಯಲ್ಲಿ ಮೀನಿಲ್ಲ! ನಾನು ಕೂಗಿದ ಕೂಗಿಗೆ ಅಪ್ಪ ಉಣ್ಣುವ ಕೈಯಲ್ಲೇ ಓಡಿ ಬಂದ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಈರುಳ್ಳಿಯ ಸಾಲಿನಲ್ಲಿ. ಒದ್ದೆ ಮಣ್ಣಿನಲ್ಲಿ ಹೊಟ್ಟೆ ಎಳೆಯುತ್ತ ಕೆರೆಯ ದಿಕ್ಕಿಗೆ ಹೋಗುತ್ತಿತ್ತು. ಆ ಜಾತಿಗೆ ನೀರಿನ ಹೊರಗೂ ಸ್ವಲ್ಪ ಹೊತ್ತು ಉಸಿರು ಇರುತ್ತದೆ.

"ನೋಡು, ಹಿರೇಗುತ್ತಿಗೆ ವಾಪಸ್ಸು ಹೊಂಟಿತ್ತು" ಎಂದ ಅಪ್ಪ.

"ನಿಮ್ಮ ಮನೆ ಅನ್ನ ಅಷ್ಟು ಚಂದ!" ಎಂದಳು ಅಜ್ಜಿ.

ಹೆಣೆದ ತೆಂಗಿನ ಮಡಲಿನ ತಟ್ಟಿ ತಂದು ಟಾಕಿಯ ಬಾಯಿ ಮುಚ್ಚಿದೆವು. ಹಾರುವುದು ನಿಂತಿತು, ಆದರೆ ತಿನ್ನುವುದು ಶುರುವಾಗಲಿಲ್ಲ. ಟಾಕಿ ತುಂಬುತ್ತ ಬಂತು, ಸಾಹೇಬರು ಬಂದುಹೋದ ಐದನೇ ದಿನಕ್ಕೆ ಸೊಳ್ಳೆಮರಿಗಳು ಮತ್ತೆ ಕಾಣಿಸಿಕೊಂಡವು, ಮೀನಿನ ಮೂಗಿನೆದುರೇ ಕುಣಿದವು. ಅದು ಬಾಯಿ ತೆರೆಯಲಿಲ್ಲ. ನಾವು ಗಳಿಗೆಗೊಮ್ಮೆ ತಟ್ಟಿ ಎತ್ತಿ ನೋಡುವುದು, ಅದು ಬೆಚ್ಚಿ ಗೋಡೆಗೆ ಗುದ್ದುವುದು. ಮೂತಿಯಲ್ಲಿ ಗಾಯವಾಯಿತು. ಅಜ್ಜಿ ಟಾಕಿಗೆ ದೃಷ್ಟಿ ತೆಗೆದಳು. ಒಂದು ದಿನ ನಾನು ಹಾಗೇ ಬಗ್ಗಿ ನೋಡುತ್ತಿದ್ದಾಗ ಅಬ್ಬೆ ಕೊಡ ಇಳಿಸಿ ಬಂದು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು.

"ನಿಂಗೆ ಗೊತ್ತಿತ್ತನಾ ಮಾದೇವಿ, ನಾ ಮದ್ವೆಯಾಗಿ ಈ ಮನೆಗೆ ಬಂದಾಗ ನಾಲ್ಕು ದಿನ ಉಣ್ಲಿಲ್ಲ."

"ಎಂತಕೆ? ಹಸಿವೆ ಇರ್ಲಿಲ್ವನಾ?"

"ಸಾಯುವಷ್ಟು ಹಸಿವೆ. ಆದ್ರೆ ಊರವರೆಲ್ಲ ಬಾಗ್ಲಲ್ಲಿ ನಿಂತು ಬಾಯಿ ನೋಡ್ತಾ ಇದ್ರೆ ತುತ್ತು ಇಳೀತದನಾ? ಅಡಗಿ ಕೂರೂಕೆ ಒಂದು ಮೂಲೆ ಇರ್ಲಿಲ್ಲ ಇಲ್ಲಿ."

ಅವಳು ಅಷ್ಟು ಉದ್ದ ಮಾತಾಡಿದ್ದೇ ನನಗೆ ಆಶ್ಚರ್ಯ. ಹಿತ್ತಿಲ ಮೂಲೆಯಿಂದ ಕುತ್ತಿಗೆ ಒಡೆದ ಒಂದು ದೊಡ್ಡ ಮಡಕೆ ತಂದಳು, ಮಸಿ ಹಿಡಿದದ್ದು. ತೊಳೆಯಲೂ ಇಲ್ಲ. ಟಾಕಿಯ ತಳದಲ್ಲಿ ಅದನ್ನು ಮಲಗಿಸಿ, ಬಾಯಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ಕೆರೆಯಿಂದ ನಾನು ತಂದ ಒಂದು ಹಿಡಿ ಜೊಂಡು ಹಾಕಿದಳು. ತಟ್ಟಿಯ ಅರ್ಧಕ್ಕೆ ಗೋಣಿ ಹೊದಿಸಿದಳು. ಇನ್ನು ಮೂರು ದಿನ ಯಾರೂ ಇತ್ತ ಬಗ್ಗಿ ನೋಡಬಾರದು, ನೀರು ತೆಗೆಯುವುದು ಒಂದೇ ಬದಿಯಿಂದ, ಕೊಡವನ್ನು ದಬಾರೆಂದು ಮುಳುಗಿಸಬಾರದು, ಎಂದು ಅಜ್ಜಿಗೆ ಕೇಳುವ ಹಾಗೆ ನನಗೆ ಹೇಳಿದಳು. ಸೊಸೆ ಆ ಮನೆಯಲ್ಲಿ ಕಟ್ಟಳೆ ಮಾಡಿದ್ದು ಅದೇ ಮೊದಲಿರಬೇಕು. ಅಜ್ಜಿ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟಳು.

ಮೀನು ಮಡಕೆ ಸೇರಿತು. ಎರಡನೇ ದಿನ ಮಡಕೆಯ ಬಾಯಲ್ಲಿ ಅದರ ಮೂತಿ ಕಂಡಿತು, ಗಾಯ ಆರುತ್ತಿತ್ತು. ನನಗೆ ಸಂತೋಷ ತಡೆಯಲಾಗದೆ ಹಿತ್ತಿಲ ತುಂಬ ಕುಣಿದೆ, ಅಷ್ಟು ನೀರು ಹೊತ್ತ ಕಾಲಲ್ಲಿ! ಆದರೆ ಸೊಳ್ಳೆಮರಿ ಕಡಿಮೆಯಾಗಲಿಲ್ಲ. ದಿನ ದಿನಕ್ಕೆ ಹೆಚ್ಚಿದವು. ಏಳು ದಿನ ಹೋಯಿತು, ಎಂಟು ಹೋಯಿತು. ಅಬ್ಬೆ ರಾತ್ರಿಯ ಊಟಕ್ಕೆ ಕೂತು ಕೈಯನ್ನು ಗಂಜಿಯಲ್ಲಿ ಮರೆತು ಗೋಡೆ ನೋಡುತ್ತಿದ್ದಳು. ಅಪ್ಪ ಹಾರೆಯನ್ನು ಜಗಲಿಗೆ ತಂದು ಒರಗಿಸಿಟ್ಟ, ಮಣ್ಣು ತುಂಬುವುದಾದರೆ ಬೇರೆಯವರ ಕೈಯಲ್ಲಿ ಬೇಡ, ನಾನೇ ತುಂಬುತ್ತೇನೆ ಎಂದ. ಆ ಮೀನು ಹಗಲೆಲ್ಲ ಮಡಕೆಯಲ್ಲಿ ಎಂತ ತಿಂದು ಬದುಕಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಕಾರಣ ಇತ್ತು.

ಒಂಬತ್ತನೇ ದಿನ ಹೊತ್ತು ಕಂತುವಾಗ ನಾನು ಅಡುಗೆ ಒಳದ ಭರಣಿಯಿಂದ ಒಂದು ಹಿಡಿ ಒಣಸಿಗಡಿ ಕದ್ದು ಮುಷ್ಟಿಯಲ್ಲಿ ಹಿಡಿದು ಟಾಕಿಗೆ ಹೋದೆ. ನಾಲ್ಕು ದಿನದಿಂದ ಅದೇ ಮಾಡುತ್ತಿದ್ದೆ, ಹಸಿದ ಜೀವ ಎಂದು ಕರುಳು ಕೇಳುತ್ತಿರಲಿಲ್ಲ. ಹೋದರೆ, ಗೋಣಿಯ ಆಚೆ ಅಜ್ಜಿ ಬಗ್ಗಿ ಕೂತಿದ್ದಾಳೆ! ಮಡಿಲಲ್ಲಿ ಚಿಪ್ಪಿನಿಂದ ಬಿಡಿಸಿದ ಬಳಚು. ಒಂದೊಂದೇ ನೀರಿಗೆ ಬಿಡುತ್ತ, ತಿನ್ನು ಮಾರಾಯಾ, ತವರಿಗೆ ಕೆಟ್ಟ ಹೆಸರು ತರಬೇಡ, ಎಂದು ಗೊಣಗುತ್ತಿದ್ದಾಳೆ. ನಾವಿಬ್ಬರೂ ಮುಖ ನೋಡಿಕೊಳ್ಳುವಷ್ಟರಲ್ಲಿ ಗದ್ದೆಯ ಕಡೆಯಿಂದ ಅಪ್ಪ ಬಂದ, ಒದ್ದೆ ಪಂಚೆಯನ್ನು ಜೋಳಿಗೆ ಮಾಡಿ ಹಿಡಿದುಕೊಂಡು. ಅದರಲ್ಲಿ ಗದ್ದೆ ಕಾಲುವೆಯ ಸಣ್ಣ ಮೀನುಗಳು, ಬೆರಳಿನ ಗೆಣ್ಣಿನಷ್ಟು, ತಲೆಯ ಮೇಲೆ ಒಂದು ಬೆಳ್ಳಿ ಚುಕ್ಕೆ ಇರುವಂಥವು. ಅವನೂ ದಿನಾ ತಂದು ಹಾಕುತ್ತಿದ್ದನಂತೆ.

"ನೀವು ಮೂರು ಜನವೂ ಸೇರಿ ಅದಕ್ಕೆ ಔತಣ ಮಾಡ್ತ್ರಾ?"

ಹಿಂದೆ ಅಬ್ಬೆ ನಿಂತಿದ್ದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಕಡಿಮೆ.

"ಹೊಟ್ಟೆ ಬಿರಿಯುವಷ್ಟು ತಿನ್ಸಿರೆ ಅದು ಸೊಳ್ಳೆಮರಿ ಎಂತಕೆ ತಿಂತದೆ? ಮಣ್ಣು ತುಂಬ್ತ್ರು, ನಾ ಮತ್ತೆ ಕೆರೆಗೆ ಹೋಪುದು, ನಿಮ್ಗೆ ಅದೇ ಬೇಕಾ?"

ಆಗ ಅಜ್ಜಿಯ ಕಣ್ಣು ಅಬ್ಬೆಯ ಸೆರಗಿನ ಮೇಲೆ ಬಿತ್ತು. ಸೆರಗಿನ ತುದಿ ಗಂಟು ಕಟ್ಟಿತ್ತು, ಗಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದೆಂತದೇ?"

ಅಬ್ಬೆ ಸೆರಗನ್ನು ಹಿಂದೆ ಸರಿಸಿದಳು. ಅಜ್ಜಿ ಬಿಡಲಿಲ್ಲ, ಹಿಡಿದು ಬಿಚ್ಚಿದಳು. ಮಧ್ಯಾಹ್ನದ ಬಂಗುಡೆಯ ತಲೆ, ಕರುಳು.

"ನೀನೂವಾ!" ಎಂದಳು ಅಜ್ಜಿ. ಅಪ್ಪ ಮೊದಲು ನಕ್ಕ. ಆಮೇಲೆ ಅಬ್ಬೆ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಟಾಕಿಯ ಅಂಚಿಗೆ ಕೂತಳು, ನಗುವಿನ ಕೊನೆಗೆ ಕಣ್ಣಲ್ಲಿ ನೀರು. ಮನೆಗೆ ಬಂದ ಜೀವಕ್ಕೆ ಒಂದು ತುತ್ತು ಹಾಕದೆ ಉಣ್ಣಲು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಟಾಕಿ ಉಳಿಯಲಿ ಎಂದು ತಂದ ಮೀನನ್ನು ಸಾಕಿ ಸಾಕಿ ಟಾಕಿಯನ್ನೇ ಕಳೆದುಕೊಳ್ಳಲು ಹೊರಟಿದ್ದೆವು. ಆ ದಿನವೇ ಅಜ್ಜಿ ಅಪ್ಪಣೆ ಮಾಡಿದಳು: ಇವತ್ತಿನಿಂದ ನೆಂಟನಿಗೆ ಉಪವಾಸ, ಯಾರಾದರೂ ಏನಾದರೂ ಹಾಕಿದರೆ ದೇವರ ಆಣೆ.

ಉಪವಾಸದ ಎರಡನೇ ದಿನ ಮಧ್ಯಾಹ್ನ. ಅಬ್ಬೆಗೆ ಸೊಂಟ ಹಿಡಿದಿತ್ತು, ನೀರು ಹೊಯ್ಯುವ ಮಧ್ಯೆ ಟಾಕಿಯ ಅಂಚಿಗೆ ಕೂತು ನೀರನ್ನೇ ನೋಡುತ್ತಿದ್ದಳು. ನಾನು ಕೊಡ ತುಂಬಲು ಬಂದರೆ ಕೈ ಎತ್ತಿ ತಡೆದಳು. ದಂಡೆಯ ಹತ್ತಿರ, ಜೊಂಡಿನ ನಡುವೆ, ಬೆಳ್ಳಿ ಚುಕ್ಕೆಯ ಸಣ್ಣ ಮೀನುಗಳು ಏಳೆಂಟು ಉಳಿದಿದ್ದವು. ದೊಡ್ಡದಕ್ಕೆ ಹೊಟ್ಟೆ ತುಂಬಿದ್ದರಿಂದ ಅವು ಬದುಕಿಕೊಂಡಿದ್ದವು. ಒಂದು ಮೀನು ಮೇಲೆ ಬಂತು, ಒಂದು ಸೊಳ್ಳೆಮರಿಯನ್ನು ಚಕ್ಕನೆ ನುಂಗಿತು. ಮತ್ತೊಂದು. ಮತ್ತೊಂದು. ಜೊಂಡಿನ ಸುತ್ತ ಒಂದು ಗೇಣು ನೀರು ಕನ್ನಡಿಯ ಹಾಗೆ ಸ್ವಚ್ಛ ಇತ್ತು, ಆಚೆಗೆ ಮಾತ್ರ ಹುಳ. ನೋಡುತ್ತಿದ್ದ ಹಾಗೆ ಮಡಕೆಯ ಬಾಯಿಂದ ಕಪ್ಪು ನೆರಳು ಸದ್ದಿಲ್ಲದೆ ತೇಲಿ ಬಂತು, ನಿಂತಿತು, ಮುಂದೆ ಏನಾಯಿತೆಂದು ಕಣ್ಣಿಗೆ ಗೊತ್ತಾಗಲಿಲ್ಲ. ನೀರು ಒಮ್ಮೆ ಕದಡಿತು. ಬೆಳ್ಳಿ ಚುಕ್ಕೆಗಳಲ್ಲಿ ಒಂದು ಕಡಿಮೆ.

"ಮಾದೇವಿ, ಓಡು! ಭರಣೀಲಿ ಸಿಗಡಿ ಇತ್ತು, ಬೇಗ ತಕಂಬಾ!"

"ಅಜ್ಜಿ ಆಣೆ ಹಾಕಿದ್ದು!"

"ಆಣೆ ನಂಗೆ ಇರ್ಲಿ. ಸೊಳ್ಳೆಮರಿ ತಿಂತಾ ಇಪ್ಪುದು ಸಣ್ಣವು. ದೊಡ್ಡದಕ್ಕೆ ಹಸಿವೆ ಆದ್ರೆ ಸಣ್ಣವು ಉಳಿಯೂದಿಲ್ಲ. ಓಡು!"

ಸಾಹೇಬರು ಬರುವವರೆಗಿನ ಆ ನಾಲ್ಕು ದಿನ ನಾನು ಪಟ್ಟ ಪಾಡು ಈಗಲೂ ಕಾಲಲ್ಲಿ 'ನಾನಿದ್ದೇನೆ' ಎನ್ನುತ್ತದೆ. ಬೆಳಗಿನ ನಲವತ್ತು ಕೊಡ ಮುಗಿಸಿ, ಅಪ್ಪನ ಹಳೇ ಪಂಚೆ ಹಿಡಿದು ಗದ್ದೆಯ ಕಾಲುವೆಗಿಳಿದು ಬೆಳ್ಳಿ ಚುಕ್ಕೆ ಹಿಡಿಯುವುದು. ಕೆಸರಲ್ಲಿ ಮೊಣಕಾಲವರೆಗೆ ಹೂತು, ಜಿಗಣೆ ಕಿತ್ತು ಎಸೆದು, ಹಿಡಿದದ್ದನ್ನು ಒದ್ದೆ ಪಂಚೆಯಲ್ಲಿ ಮುಚ್ಚಿ ತಂದು ಅಬ್ಬೆಯ ಕೈಗೆ ಕೊಡುವುದು. ಅವಳು ಅಜ್ಜಿಯ ಕಣ್ಣು ತಪ್ಪಿಸಿ ದೊಡ್ಡದಕ್ಕೆ ಹೊಟ್ಟೆ ತುಂಬ ಮೀನಿನ ತಲೆ ಹಾಕುವುದು, ಆಮೇಲೆ ಸಣ್ಣವನ್ನು ಜೊಂಡಿನೊಳಗೆ ಬಿಡುವುದು. ಸಂಜೆ ಮತ್ತೆ ನಲವತ್ತು ಕೊಡ. ಅಜ್ಜಿ ದಿನಾ ಬಂದು ತಟ್ಟಿ ಎತ್ತಿ, ಕಡಿಮೆಯಾಗುತ್ತಿರುವ ಹುಳ ನೋಡಿ, ಉಪವಾಸ ನಾಟಿತು ಎಂದು ಹೇಳಿ ಹೋಗುವಳು. ರಾತ್ರಿ ಚಾಪೆಗೆ ಬಿದ್ದದ್ದೊಂದೇ ನನಗೆ ನೆನಪು, ನಿದ್ದೆ ಬಂದದ್ದು ನೆನಪಿಲ್ಲ.

ಹದಿನೈದನೇ ದಿನ ಸಾಹೇಬರು ಬಂದರು. ಜೊತೆಗೆ ಗುದ್ದಲಿ ಹಿಡಿದ ಇಬ್ಬರು ಆಳು. ಅಬ್ಬೆ ಅಡುಗೆ ಒಳದ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಅಪ್ಪ ಹಾರೆಯ ಪಕ್ಕ ನಿಂತಿದ್ದ. ಸಾಹೇಬರು ಸೌಟು ಮುಳುಗಿಸಿ ಎತ್ತಿದರು. ಖಾಲಿ. ಇನ್ನೊಂದು ಮೂಲೆ. ಖಾಲಿ. ಮೂರನೇ ಮೂಲೆಯಲ್ಲಿ ಸೌಟಿಗೆ ಏನೋ ಕಪ್ಪಗೆ ಬಂತು, ನೋಡಿದರೆ ಜೊಂಡಿನ ಎಸಳು. ಅವರು ಬಗ್ಗಿ ಮಡಕೆಯ ಬಾಯಿ ನೋಡಿದರು, ಒಳಗಿನ ಮೂತಿ ಕಂಡಿತು.

"ಏನ್ರೀ ಅಮ್ಮಾ ಇದು?"

"ನನ್ನ ತವರಿಂದು ಸಾಯ್ಬ್ರೆ! ಹಿರೇಗುತ್ತಿದು. ನನ್ನ ಅಪ್ಪನ ಬಾವಿ ಮೀನು. ಒಂದು ಹುಳ ಬಿಟ್ಟಿತ್ತನಾ ನೋಡಿ. ಬೆಳಕೆ ಮೀನಿಗೆ ಇದು ಆಗೂದಿಲ್ಲ!"

"ಭಾರಿ ಐತಿ ಬಿಡ್ರೀ ನಿಮ್ಮ ತವರು" ಎಂದು ಸಾಹೇಬರು ನಕ್ಕು, ನಮ್ಮ ಮನೆಯ ನಂಬರಿನ ಮುಂದೆ ಏನೋ ಬರೆದುಕೊಂಡು, ಆಳುಗಳನ್ನು ಕರೆದುಕೊಂಡು ಹೋದರು. ಅಜ್ಜಿ ಅವರಿಗಿಂತ ಮೊದಲೇ ಅಂಗಳ ದಾಟಿದ್ದಳು, ಕೇರಿಗೆ ಸುದ್ದಿ ಹೇಳಲು. ಅಪ್ಪ ಹಾರೆಯನ್ನು ಎತ್ತಿ ಒಳಗಿಟ್ಟು, ಮುಖ ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ಟಾಕಿಯ ಹತ್ತಿರ ನಾನೂ ಅಬ್ಬೆಯೂ ಉಳಿದೆವು. ನನಗೆ ಹೊಟ್ಟೆಯುರಿ. ಕಾಲುವೆಗೆ ಇಳಿದದ್ದು ನಾನು, ಕಂಡುಹಿಡಿದದ್ದು ಅಬ್ಬೆ, ಹೆಸರು ಹಿರೇಗುತ್ತಿಗೆ!

"ಸಣ್ಣ ಮೀನು ತಿಂದದ್ದು ಅಂತ ನೀ ಎಂತಕೆ ಹೇಳ್ಲಿಲ್ಲ ಅಬ್ಬೆ?"

"ಹೇಳಿರೆ ಎಂತ ಆಗ್ತಿತ್ತು? ಅತ್ತೆಗೆ ತವರು ಬೇಕಾಗಿತ್ತು, ಸಿಕ್ತು. ನಂಗೆ ನೀರು ಹತ್ರ ಬೇಕಾಗಿತ್ತು. ಆತಲ."

ಹಾಗೆಂದು ಕೊಡ ಎತ್ತಲು ಬಗ್ಗಿದವಳು, ಬಿಟ್ಟು, ಅಂಚಿಗೆ ಕೂತಳು. ನೀ ಹೊತ್ಕೋ, ನಾ ಇವತ್ತು ಕೂರ್ತೆ, ಎಂದಳು. ಅವಳ ಬಾಯಲ್ಲಿ ಅಂಥ ಮಾತು! ಆ ಸಂಜೆಯ ನಲವತ್ತೂ ಕೊಡ ನಾನೊಬ್ಬಳೇ ಹೊಯ್ದೆ, ಒಂದೂ ಭಾರ ಎನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲವೂ ಭಾರವೇ. ಆದರೆ ಪ್ರತಿ ಸಲ ತಿರುಗಿ ಬರುವಾಗ ಅವಳು ಕೂತಿರುವುದು ಕಾಣುತ್ತಿತ್ತಲ್ಲ, ಅದಕ್ಕಾಗಿ ಇನ್ನೂ ನಲವತ್ತು ಹೊರಬಹುದಿತ್ತು.

ಬೇಸಗೆ ಮುಗಿಯುವ ಮೊದಲು ನನ್ನ ತಂಗಿ ಹುಟ್ಟಿದಳು. ಆ ಮುದುಕಿಯೇ ಬಂದು ಹೆರಿಗೆ ಮಾಡಿಸಿದಳು. ಒಳಗಿನಿಂದ ಅಳು ಕೇಳಿದಾಗ ಅಪ್ಪ ಜಗಲಿಯಲ್ಲಿ ತನ್ನ ಗೋಡೆಗೆ ಹೋಗಿ ಒರಗಿದ. ನಾನು ಬಾಗಿಲಿನ ಸಂದಿಯಲ್ಲಿ ತಲೆ ತೂರಿಸಿದೆ. ಅಜ್ಜಿ ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿ ದೀಪದ ಹತ್ತಿರ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಮೂಗು ನೋಡೇ! ಸೀದಾ ಹಿರೇಗುತ್ತಿ ಮೂಗು."

ಅಬ್ಬೆ ಚಾಪೆಯ ಮೇಲೆ ಬೆವರಿ ಒದ್ದೆಯಾಗಿ ಮಲಗಿದ್ದಳು, ಕಣ್ಣು ತೆರೆಯಲೂ ಶಕ್ತಿ ಇರಲಿಲ್ಲ.

"ಹೌದು ಅತ್ತೆ, ಹಿರೇಗುತ್ತಿದೇ" ಎಂದು, ಮಗುವಿಗಾಗಿ ಕೈ ಮಾತ್ರ ಚಾಚಿದಳು.